ಕೊಟ್ಟಿಗೆಯ ಸುಂಡಿಲಿ ಇಲಿಯಲ್ಲ

ಸಂಜೆ ಹಾಲು ಕರೆದು ಲೈಟು ಆರಿಸುವ ಹೊತ್ತಿಗೆ ಕೊಟ್ಟಿಗೆಯ ಗೋಡೆಗುಂಟ ‘ಚಿಕ್ ಚಿಕ್’ ಎನ್ನುತ್ತಾ ಓಡುವ ಪ್ರಾಣಿಯನ್ನು ನೀವೆಲ್ಲ ನೋಡಿದ್ದೀರಿ. ಚೂಪು ಮೂತಿ, ಸಾಸಿವೆ ಕಾಳಿನಂಥ ಕಣ್ಣು, ಹೋದಲ್ಲೆಲ್ಲ ಒಂದು ಥರ ಗಬ್ಬು ವಾಸನೆ. ಅದೇ ಸುಂಡಿಲಿ. ಕೆಲವು ಕಡೆ ಮೂಗಿಲಿ ಎನ್ನುತ್ತಾರೆ. ಕಂಡ ಕೂಡಲೇ ಪೊರಕೆ ಎತ್ತುವವರೇ ಹೆಚ್ಚು. ಆದರೆ ಹೆಸರಿನಲ್ಲಿ ಇಲಿ ಇದ್ದರೂ ಅದು ಇಲಿಯ ಜಾತಿಗೆ ಸೇರಿದ್ದಲ್ಲ.

ಇಲಿಯ ಮುಂದಿನ ಹಲ್ಲು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತದೆ. ಅದಕ್ಕೇ ಅದು ಹಿಂಡಿ ಚೀಲ, ಹಗ್ಗ, ವೈರು ಎಲ್ಲವನ್ನೂ ಕಡಿಯುತ್ತದೆ. ಸುಂಡಿಲಿಯ ಹಲ್ಲು ಹಾಗಲ್ಲ. ಜಿರಳೆ, ಹುಳುಹುಪ್ಪಟೆ, ಎರೆಹುಳು ಇವೇ ಅದರ ಮುಖ್ಯ ಆಹಾರ. ಬೂಸಾ ಚೀಲದ ಹತ್ತಿರ ಕಂಡರೆ ಹುಳು ಹುಡುಕಿ ಬಂದಿರುತ್ತದೆ. ಚೀಲ ತೂತು ಮಾಡಿದ ಕಳ್ಳ ಬೇರೆ! ಇಲಿ ಪಾಷಾಣ ಇಟ್ಟರೆ ಸುಂಡಿಲಿಯೂ ಸಾಯಬಹುದು, ಕರು, ನಾಯಿ, ಕೋಳಿಗೂ ಅಪಾಯ. ಅದರ ಬದಲು ಚೀಲವನ್ನು ಮುಚ್ಚಳವಿರುವ ಡ್ರಮ್ಮಿಗೆ ಸುರಿದಿಡಿ. ಹಾಗಂತ ಸುಂಡಿಲಿಯನ್ನು ಕೈಯಲ್ಲಿ ಮುಟ್ಟಬೇಡಿ. ಅದರಿಂದಲೂ ಇಲಿಜ್ವರ ಹರಡಬಹುದು.

ಮರಿಗಳನ್ನು ಬೇರೆ ಕಡೆ ಕರೆದೊಯ್ಯುವಾಗ ಇದನ್ನು ನೋಡಬೇಕು. ಒಂದು ಮರಿ ತಾಯಿಯ ಬಾಲದ ಬುಡವನ್ನು ಬಾಯಲ್ಲಿ ಹಿಡಿಯುತ್ತದೆ, ಅದರ ಬಾಲದ ಬುಡವನ್ನು ಇನ್ನೊಂದು. ಹೀಗೆ ರೈಲಿನಂತೆ ಸಾಲಾಗಿ ಸಾಗುತ್ತವೆ. ಮಕ್ಕಳಿಗೆ ತೋರಿಸಿ, ಆದರೆ ದೂರದಿಂದ.

ಆ ತಾಯಿ ಎಷ್ಟೇ ಅವಸರದಲ್ಲಿದ್ದರೂ ಒಂದು ಕೆಲಸ ಬಿಡುವುದಿಲ್ಲ, ತಿನ್ನುವುದು. ಹಸುವಾದರೆ ತಿಂದದ್ದನ್ನು ಹೊಟ್ಟೆಯಲ್ಲಿ ತುಂಬಿಕೊಂಡು ದಿನಕ್ಕೆ ಏಳೆಂಟು ಗಂಟೆ ಮೆಲುಕು ಹಾಕುತ್ತದೆ. ಸುಂಡಿಲಿಯ ಪುಟ್ಟ ಮೈಯಲ್ಲಿ ಅಂಥ ದಾಸ್ತಾನಿಲ್ಲ. ಮೈ ಬಿಸಿ ಬೇಗ ಆರುತ್ತದೆ, ತಿಂದದ್ದು ಬೇಗ ಕರಗುತ್ತದೆ. ಮತ್ತೆ ಮತ್ತೆ ಸ್ವಲ್ಪ ಸ್ವಲ್ಪ ತಿನ್ನದಿದ್ದರೆ ಅದು ಉಳಿಯುವುದಿಲ್ಲ.

ಈಗ ನಮ್ಮ ಮಾತಿಗೆ ಬರೋಣ. ಅಕ್ಕಂದಿರೇ, ಬೆಳಗಿನ ಜಾವ ಎದ್ದು ಸಗಣಿ ಬಾಚಿ, ಹಾಲು ಕರೆದು, ಡೇರಿಗೆ ಹಾಕಿ, ಮಕ್ಕಳನ್ನು ಶಾಲೆಗೆ ಕಳಿಸಿ ನೀವು ತಟ್ಟೆ ಮುಂದೆ ಕೂರುವುದು ಎಷ್ಟು ಗಂಟೆಗೆ? ಹಸುವಿಗೆ ಹಿಂಡಿ ಅರ್ಧ ಗಂಟೆ ತಡವಾದರೆ ಒದ್ದಾಡುವವರು ಬರೀ ಟೀಯಲ್ಲಿ ಹನ್ನೊಂದರವರೆಗೆ ದೂಡುತ್ತೀರಿ. ಬಾಣಂತಿಯರೂ ಹೀಗೇ ಮಾಡುವುದನ್ನು ಕಂಡಿದ್ದೇವೆ. ರಾತ್ರಿಯ ಮುದ್ದೆ ಉಳಿದಿದ್ದರೆ ಮಜ್ಜಿಗೆಗೆ ಕಿವುಚಿ ಕುಡಿದು ಡೇರಿಗೆ ಹೊರಡಿ. ಹಾಗೇ, ಹಾಲನ್ನೆಲ್ಲ ಕ್ಯಾನಿಗೆ ಸುರಿಯುವ ಮುನ್ನ ಮಕ್ಕಳಿಗೆ ಎತ್ತಿಡುವ ಪಾತ್ರೆಗೆ ನಿಮ್ಮದೂ ಒಂದು ಲೋಟ ಸೇರಿಸಿ.