ಕೊಟ್ಟಿಗೆಯ ಬಳಿ ವೆಲ್ಡಿಂಗ್: ಚಳಿಗಾಲದಲ್ಲಿ ಇರಲಿ ಹೆಚ್ಚಿನ ಎಚ್ಚರ



ರಾಗಿ ಒಕ್ಕಣೆ ಮುಗಿದು ಕೈ ಬಿಡುವಾದಾಗ ಮುರಿದ ಗೇಟು, ಸಡಿಲಗೊಂಡ ಗೋದಲಿ ಪೈಪು ನೆನಪಿಗೆ ಬರುತ್ತವೆ. ವೆಲ್ಡಿಂಗ್‌ನವರನ್ನು ಕರೆಸುತ್ತೇವೆ, ಇಲ್ಲವೇ ಮನೆಯ ಶೆಡ್ಡಿನಲ್ಲಿರುವ ಸಣ್ಣ ಯಂತ್ರದಿಂದ ಮಗನೋ ಮೈದುನನೋ ಬೆಸೆಯುತ್ತಾರೆ. ಆದರೆ ವರ್ಷದ ಮೇವು ಮನೆ ಪಕ್ಕಕ್ಕೆ ಬರುವುದೂ ಈಗಲೇ. ಹಳೇಬೀಡು ಕಡೆ ರಾಗಿ ಹುಲ್ಲು, ಬೇಲೂರು ಕಡೆ ಭತ್ತದ ಹುಲ್ಲು, ಅರಸೀಕೆರೆ ಕಡೆ ಇವುಗಳ ಜೊತೆಗೆ ತೆಂಗಿನ ಒಣಗರಿ, ಸಿಪ್ಪೆ. ಕಬ್ಬಿಣ ಕರಗುವುದು ಸುಮಾರು 1,500 ಡಿಗ್ರಿ ಸೆಲ್ಸಿಯಸ್ ಬಿಸಿಗೆ. ಹಾಗೆ ಕರಗಿದ ಒಂದು ಹನಿ ಸಿಡಿದರೆ ಬಣವೆ ಹತ್ತಿಕೊಳ್ಳುತ್ತದೆ.

ಆದ್ದರಿಂದ ಮೊದಲ ನಿಯಮ: ಬಿಚ್ಚಲು ಬರುವುದನ್ನು ಬಿಚ್ಚಿ, ಬಯಲಿಗೆ ತಂದು ಬೆಸೆಯಿರಿ. ಸುತ್ತ 35 ಅಡಿಯೊಳಗೆ ಹುಲ್ಲು, ಗೋಣಿಚೀಲ, ಡೀಸೆಲ್ ಇರಬಾರದು.

ಬಿಚ್ಚಲು ಬಾರದಿದ್ದರೆ: ಹಸು, ಕರುಗಳನ್ನು ಹೊರಗೆ ಕಟ್ಟಿ. ಗಂಜಲದ ನೆಲದ ಮೇಲೆ, ಕಬ್ಬಿಣದ ಸರಪಳಿಯಲ್ಲಿ ನಿಂತ ಹಸುವಿಗೆ ಸೋರಿದ ವಿದ್ಯುತ್ ಸುಲಭವಾಗಿ ತಗಲುತ್ತದೆ. ನೆಲ ಒಣಗಿರಲಿ. ಅರ್ಥ್ ಕ್ಲಿಪ್ಪನ್ನು ಬೆಸೆಯುವ ಜಾಗದ ಪಕ್ಕದಲ್ಲೇ ಹಾಕಿಸಿ. ಸುಲಿದ ವೈರು ಬೇಡ. ಚಳಿಯೆಂದು ಬಾಗಿಲು, ಕಿಟಕಿ ಮುಚ್ಚಬೇಡಿ.

ಹೊಗೆ: ಜಿಐ ಪೈಪಿನ ಮೇಲಿನ ಸತುವಿನ ಲೇಪ ಸುಟ್ಟ ಹೊಗೆ ಕುಡಿದರೆ ಕೆಲವು ಗಂಟೆಗಳ ನಂತರ ನಡುಕ, ಜ್ವರ, ಮೈಕೈ ನೋವು ಬರುತ್ತದೆ. ಚಳಿಗಾಲದ ಜ್ವರವೆಂದೇ ಅನ್ನಿಸುತ್ತದೆ. ವೆಲ್ಡಿಂಗ್ ಮಾಡಿದ್ದನ್ನು ವೈದ್ಯರಿಗೆ ಹೇಳಿ. ಹಾಲು ಕುಡಿದರೆ ಹೊಗೆ ತಗಲುವುದಿಲ್ಲ ಎಂಬ ನಂಬಿಕೆ ಉಂಟು. ಹಾಲು ಮಾರುವ ನಾವೇ ಹೇಳುತ್ತೇವೆ, ಅದು ಸರಿಯಲ್ಲ. ಹಾಲು ಹೋಗುವುದು ಹೊಟ್ಟೆಗೆ, ಹೊಗೆ ಹೋಗುವುದು ಶ್ವಾಸಕೋಶಕ್ಕೆ. ಲೇಪವನ್ನು ಮೊದಲೇ ಉಜ್ಜಿ ತೆಗೆಸಿ, ಗಾಳಿಗೆ ಬೆನ್ನು ಕೊಟ್ಟು ಕೆಲಸ ಮಾಡಿಸಿ.

ಕಣ್ಣು: ಬೆಸೆಯುವ ಬೆಳಕನ್ನು ಬರಿಗಣ್ಣಿನಲ್ಲಿ ನೋಡಿದರೆ ರಾತ್ರಿ ಹೊತ್ತಿಗೆ ಕಣ್ಣಿಗೆ ಮರಳು ಸುರಿದಂತೆ ಉರಿಯುತ್ತದೆ. ಕೂಲಿಂಗ್ ಗ್ಲಾಸ್ ಸಾಲದು, ವೆಲ್ಡಿಂಗ್ ಮುಖವಾಡವೇ ಬೇಕು. ಪೈಪು ಹಿಡಿದು ನಿಲ್ಲುವ ನಿಮಗೂ ಒಂದು ಕೇಳಿ ಪಡೆಯಿರಿ. ಮಕ್ಕಳನ್ನು ದೂರವಿಡಿ. ಉರಿ ಬಂದರೆ ಎದೆಹಾಲು, ಆಲೂಗಡ್ಡೆ ಹೋಳು ಬೇಡ. ಉಜ್ಜದೆ, ತಣ್ಣೀರಿನಲ್ಲಿ ನೆನೆಸಿದ ಶುಭ್ರ ಬಟ್ಟೆಯನ್ನು ಮುಚ್ಚಿದ ಕಣ್ಣಿನ ಮೇಲಿಟ್ಟು ವೈದ್ಯರಲ್ಲಿಗೆ ಹೋಗಿ.

ಬಟ್ಟೆ: ನೈಲಾನ್ ಸೀರೆ, ಸಿಂಥೆಟಿಕ್ ಸ್ವೆಟರ್, ಶಾಲು ಕಿಡಿ ಬಿದ್ದರೆ ಕರಗಿ ಮೈಗೆ ಅಂಟುತ್ತವೆ. ದಪ್ಪ ಹತ್ತಿ ಬಟ್ಟೆ ಇರಲಿ. ಸೆರಗು ಬಿಗಿಯಾಗಿ ಸಿಕ್ಕಿಸಿ.

ಹೊತ್ತು: ಬೆಳಗಿನ ಹಾಲು ಡೇರಿಗೆ ಹಾಕಿ, ಇಬ್ಬನಿ ಆರಿದ ಮೇಲೆ ಶುರು ಮಾಡಿಸಿ. ಮಧ್ಯಾಹ್ನದೊಳಗೆ ಮುಗಿಯಲಿ. ಹುಲ್ಲಿನೊಳಗೆ ಹೊಕ್ಕ ಕಿಡಿ ಹೊಗೆಯೂ ಕಾಣದಂತೆ ಕನಲುತ್ತಿದ್ದು, ಎಲ್ಲರೂ ಹೋದ ಮೇಲೆ ಹೊತ್ತಿಕೊಳ್ಳಬಹುದು. ಕೆಲಸ ಮುಗಿದ ಮೇಲೂ ಕನಿಷ್ಠ ಒಂದು ಗಂಟೆ ಯಾರಾದರೂ ಅಲ್ಲೇ ಇರಲಿ. ಎರಡು ಬಕೆಟ್ ನೀರು, ಒಂದು ಬಾಂಡಲಿ ಮರಳು ಪಕ್ಕದಲ್ಲಿರಲಿ. ಬೆಂಕಿ ಕಂಡರೆ ಮೊದಲು ಮೇನ್ ಸ್ವಿಚ್ ತೆಗೆಯಿರಿ, ನಂತರ ನೀರು ಹಾಕಿ, 112ಕ್ಕೆ ಕರೆ ಮಾಡಿ.

ಕೆಲಸಕ್ಕೆ ಬಂದವರು "ಐದು ನಿಮಿಷದ ಕೆಲಸ, ಏನೂ ಆಗಲ್ಲ ಅಕ್ಕ" ಎನ್ನಬಹುದು. ಕೊಟ್ಟಿಗೆ ನಿಮ್ಮದು, ವರ್ಷದ ಮೇವು ನಿಮ್ಮದು. ಹಸು ಹೊರಗೆ ಕಟ್ಟಿ, ಹುಲ್ಲು ಸರಿಸಿದ ಮೇಲೆಯೇ ಯಂತ್ರ ಹಚ್ಚಬೇಕು ಎಂದು ಗಟ್ಟಿಯಾಗಿ ಹೇಳಿ.