ಕರಗಿದ ಕೊಬ್ಬು ಎಲ್ಲಿಗೆ ಹೋಗುತ್ತದೆ?

ಹೊಟ್ಟೆಯ ಬೊಜ್ಜು ಕರಗಿತೆಂದು ನಾವು ಹೇಳುವುದುಂಟು. ಆದರೆ ರಾಸಾಯನಿಕ ಕ್ರಿಯೆಯಲ್ಲಿ ದ್ರವ್ಯವು ನಾಶವಾಗದು. ಹಾಗಾದರೆ ಆ ಕೊಬ್ಬು ಹೋದುದೆಲ್ಲಿಗೆ?

2014ರಲ್ಲಿ ಆಸ್ಟ್ರೇಲಿಯದ ರೂಬೆನ್ ಮೀರ್‌ಮನ್ ಮತ್ತು ಆಂಡ್ರ್ಯೂ ಬ್ರೌನ್ ಇದರ ಲೆಕ್ಕವನ್ನು ಪ್ರಕಟಿಸಿದರು. ಕೊಬ್ಬು ಇಂಗಾಲ, ಜಲಜನಕ, ಆಮ್ಲಜನಕಗಳ ಸಂಯುಕ್ತ. ದೇಹದಲ್ಲಿ ಅದು ದಹಿಸಿದಾಗ, 10 ಕಿಲೋಗ್ರಾಂ ಕೊಬ್ಬಿನಲ್ಲಿ 8.4 ಕಿಲೋಗ್ರಾಂನಷ್ಟು ಇಂಗಾಲದ ಡೈಆಕ್ಸೈಡಾಗಿ ಉಸಿರಿನೊಡನೆ ಹೊರಬೀಳುತ್ತದೆ, ಉಳಿದ 1.6 ಕಿಲೋಗ್ರಾಂ ನೀರಾಗುತ್ತದೆ.

ಹಾಗೆಂದು ಜೋರಾಗಿ ಉಸಿರಾಡಿದ ಮಾತ್ರಕ್ಕೆ ಬೊಜ್ಜು ಇಳಿಯದು. ವ್ಯಯವಾಗುವ ಶಕ್ತಿಗಿಂತ ಆಹಾರದಿಂದ ದೊರೆಯುವ ಶಕ್ತಿ ಕಡಮೆಯಾದಾಗಲೇ ದೇಹವು ಕೊಬ್ಬಿನ ಕಣಜವನ್ನು ತೆರೆಯುತ್ತದೆ. ಹೊಟ್ಟೆಯನ್ನಷ್ಟೇ ದಣಿಸಿದರೂ ಸಾಲದು. ದುಡಿಯುವ ಸ್ನಾಯುವಿಗೆ ಕೊಬ್ಬು ಒದಗುವುದು ಬಹುಮಟ್ಟಿಗೆ ರಕ್ತದ ಮೂಲಕ. ಅದು ಮೈಯ ಯಾವ ಭಾಗದಿಂದಲಾದರೂ ಬಂದಿರಬಹುದು.

ಬೇಗ ತೆಳ್ಳಗಾಗಬೇಕೆಂದು ಊಟವನ್ನೇ ಬಿಡುವವರು ಇನ್ನೊಂದು ಸಂಗತಿಯನ್ನು ತಿಳಿದಿರಬೇಕು. ಮಿದುಳಿಗೆ ಗ್ಲೂಕೋಸು ಬೇಕು. ಯಕೃತ್ತಿನಲ್ಲಿರುವ ಅದರ ದಾಸ್ತಾನು ಸುಮಾರು ಒಂದು ದಿನದ ಉಪವಾಸಕ್ಕೆ ಮುಗಿದುಹೋಗುತ್ತದೆ. ಕೊಬ್ಬಿನ ಅಲ್ಪಾಂಶದಿಂದ ಮಾತ್ರವೇ ಗ್ಲೂಕೋಸನ್ನು ತಯಾರಿಸಲು ಸಾಧ್ಯವಾದ್ದರಿಂದ, ದೇಹವು ಸ್ನಾಯುವಿನ ಪ್ರೋಟೀನನ್ನೂ ಒಡೆಯತೊಡಗುತ್ತದೆ.

ಆದುದರಿಂದ ಆಹಾರವನ್ನು ಮಿತವಾಗಿ ತಗ್ಗಿಸಬೇಕು. ಬೇಳೆ, ಕಾಳು, ಹಾಲು, ಮೊಟ್ಟೆಗಳನ್ನು ಬಿಡಬಾರದು. ದಂಡ, ಬಸ್ಕಿ, ಭಾರ ಎತ್ತುವಿಕೆಗಳಿಂದ ಸ್ನಾಯುಗಳಿಗೆ ಕೆಲಸ ಕೊಡಬೇಕು. ಕೆಲಸವಿರುವ ಸ್ನಾಯುವನ್ನು ದೇಹವು ಸುಲಭವಾಗಿ ಬಿಟ್ಟುಕೊಡದು. ಬೆಳೆಯುವ ವಯಸ್ಸಿನವರಂತೂ ವೈದ್ಯರನ್ನು ಕೇಳದೆ ಊಟ ತಗ್ಗಿಸಲಾಗದು. ತಕ್ಕಡಿಯು ತೂಕ ಇಳಿದುದನ್ನು ಹೇಳೀತು. ಇಳಿದುದು ಕೊಬ್ಬೋ ಸ್ನಾಯುವೋ ಎಂಬುದನ್ನು ಹೇಳಲಾರದು.