ಬಣ್ಣಕ್ಕಾಗಿ ಹುಟ್ಟಿಸಿದ ಹಾವುಗಳು

ಆಫ್ರಿಕಾದ ವಾಯವ್ಯ ಕರಾವಳಿಗೆ ಎದುರಾಗಿ ಅಟ್ಲಾಂಟಿಕ್ ಸಾಗರದಲ್ಲಿರುವ ಗ್ರಾನ್ ಕನೇರಿಯಾ, ಸ್ಪೇನಿಗೆ ಸೇರಿದ ದ್ವೀಪ. ಮನುಷ್ಯರು ತರುವವರೆಗೆ ಅಲ್ಲಿ ಹಾವಿನ ಸಂತತಿಯೇ ಇರಲಿಲ್ಲ. ಈಗ ವಸಂತ ಬಂತೆಂದರೆ ಅಲ್ಲಿನ ಕಲ್ಲುಕಣಿವೆಗಳಲ್ಲಿ ಹಾವು ಹಿಡಿಯುವ ತಂಡಗಳು ಸುತ್ತುತ್ತವೆ. ಅವರಿಗೆ ಸಿಗುವ ಹಾವುಗಳಲ್ಲಿ ಅನೇಕವು ಕೆನೆಹಳದಿ ಅಥವಾ ಬಿಳಿ ಮೈಯವು, ಕೆಂಪು ಕಣ್ಣಿನವು. ಇವು ಅಮೆರಿಕದಿಂದ ಬಂದ ಕ್ಯಾಲಿಫೋರ್ನಿಯಾ ಕಿಂಗ್‌ಸ್ನೇಕ್‌ಗಳು. ತವರಿನ ಬಯಲು ಬೆಟ್ಟಗಳಲ್ಲಿ ಇಂಥ ಬಣ್ಣದ ಹಾವು ಕಾಣಸಿಗುವುದು ತೀರ ಅಪರೂಪ. ತವರಿನಲ್ಲೇ ಅಪರೂಪವಾದದ್ದು ಸಾವಿರಾರು ಮೈಲಿ ಆಚೆಯ ದ್ವೀಪದಲ್ಲಿ ಸಾಮಾನ್ಯವಾಗಿದೆ ಎಂದರೆ ನಡುವೆ ಮನುಷ್ಯನ ಆಯ್ಕೆ ಕೆಲಸ ಮಾಡಿದೆ. ಆ ಆಯ್ಕೆ ಹೇಗೆ ನಡೆಯಿತು, ಅದರ ಬೆಲೆಯನ್ನು ಯಾರು ತೆರುತ್ತಿದ್ದಾರೆ ಎಂಬುದನ್ನು ನಿಧಾನವಾಗಿ ನೋಡಬೇಕಾಗಿದೆ.

ತವರಿನಲ್ಲಿ ಇದ್ದ ವೈವಿಧ್ಯ

ಕಿಂಗ್‌ಸ್ನೇಕ್‌ಗೂ ನಮ್ಮ ಮಲೆನಾಡಿನ ಕಾಳಿಂಗ ಸರ್ಪಕ್ಕೂ ನೆಂಟಸ್ತನವಿಲ್ಲ. ಇವೆರಡೂ ಬೇರೆ ಹಾವುಗಳನ್ನು ತಿನ್ನುತ್ತವೆ ಎಂಬುದಷ್ಟೇ ಸಾಮ್ಯ. ಕಿಂಗ್‌ಸ್ನೇಕ್‌ಗೆ ವಿಷವಿಲ್ಲ, ಇಲಿ, ಓತಿ, ಹಕ್ಕಿಯ ಮೊಟ್ಟೆ, ಕಡೆಗೆ ವಿಷಕಾರಿ ರ‍್ಯಾಟಲ್ ಹಾವನ್ನೂ ಬಿಡದು. ಆ ವಿಷವನ್ನು ತಾಳಿಕೊಳ್ಳುವ ಶಕ್ತಿ ಅದರ ರಕ್ತದಲ್ಲಿದೆ. ಅಮೆರಿಕದ ಒರೆಗಾನ್‌ನಿಂದ ಮೆಕ್ಸಿಕೊದ ಬಾಹಾ ಕ್ಯಾಲಿಫೋರ್ನಿಯಾದವರೆಗೆ ಹಬ್ಬಿರುವ ಈ ಹಾವು ಸಾಮಾನ್ಯವಾಗಿ ಮೂರು ನಾಲ್ಕು ಅಡಿ ಬೆಳೆಯುತ್ತದೆ. ಕಪ್ಪು ಇಲ್ಲವೇ ಕಡುಗಂದು ಮೈಗೆ ಬಿಳಿಯ ಅಡ್ಡಪಟ್ಟೆಗಳಿರುವುದು ಅದರ ಪರಿಚಿತ ರೂಪ.

ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ಕರಾವಳಿಯಲ್ಲಿ ಇನ್ನೊಂದು ರೂಪವೂ ಇದೆ. ಅಲ್ಲಿನ ಅನೇಕ ಹಾವುಗಳ ಮೈಮೇಲೆ ಅಡ್ಡಪಟ್ಟೆಯ ಬದಲು ತಲೆಯಿಂದ ಬಾಲದವರೆಗೆ ಓಡುವ ಒಂದೇ ಉದ್ದಗೆರೆ. ಇವೆರಡೂ ಬೇರೆ ಬೇರೆ ಪ್ರಭೇದಗಳೆಂದೇ ವಿದ್ವಾಂಸರು ಬಹುಕಾಲ ನಂಬಿದ್ದರು. ಒಂದೇ ತಾಯಿ ಇಟ್ಟ ಮೊಟ್ಟೆಗಳಿಂದ ಪಟ್ಟೆಯ ಮರಿಯೂ ಗೆರೆಯ ಮರಿಯೂ ಹೊರಬರುತ್ತವೆ ಎಂದು 1930ರ ದಶಕದಲ್ಲಿ ಅಲ್ಲಿಯ ತಜ್ಞರೊಬ್ಬರು ತೋರಿಸಿಕೊಟ್ಟ ಮೇಲೆ ಆ ನಂಬಿಕೆ ಬಿದ್ದುಹೋಯಿತು. ಬಣ್ಣ, ಚಿತ್ತಾರಗಳ ವ್ಯತ್ಯಾಸವೆಲ್ಲ ಸಾಕಣೆದಾರರ ಸೃಷ್ಟಿ ಎನ್ನುವುದು ಹಾಗಾಗಿ ತಪ್ಪು. ಕಾಡಿನಲ್ಲಿ ಚದುರಿದ್ದ ವ್ಯತ್ಯಾಸಗಳನ್ನು ಹೆಕ್ಕಿ, ಒಂದರ ಮೇಲೊಂದು ಕೂಡಿಸಿದ್ದು ಅವರ ಕೆಲಸ.

ಕಪ್ಪು ಬಣ್ಣ ಇಲ್ಲವಾದಾಗ

ಹಾವಿನ ಚರ್ಮದಲ್ಲಿ ಮುಖ್ಯವಾಗಿ ಮೂರು ಬಗೆಯ ವರ್ಣಕೋಶಗಳಿವೆ. ಒಂದು ಕಪ್ಪು ಕಂದು ಬಣ್ಣದ ಮೆಲನಿನ್ ತಯಾರಿಸುತ್ತದೆ, ಇನ್ನೊಂದು ಹಳದಿ ಕೆಂಪನ್ನು ಹಿಡಿದಿಟ್ಟುಕೊಳ್ಳುತ್ತದೆ, ಮೂರನೆಯದು ಸಣ್ಣ ಹರಳುಗಳಿಂದ ಬೆಳಕನ್ನು ಪ್ರತಿಫಲಿಸುತ್ತದೆ. ಮೆಲನಿನ್ ತಯಾರಿಕೆಗೆ ಬೇಕಾದ ಯಾವುದಾದರೂ ವಂಶವಾಹಿ ಕೆಟ್ಟರೆ ಕಪ್ಪು ಮಾಯವಾಗಿ ಉಳಿದ ಬಣ್ಣಗಳಷ್ಟೇ ಕಾಣುತ್ತವೆ. ಆಲ್ಬಿನೊ ಹಾವುಗಳಲ್ಲಿ ಅನೇಕವು ಅಪ್ಪಟ ಬಿಳಿಯಾಗಿರದೆ ಹಳದಿ, ಗುಲಾಬಿ ಛಾಯೆಯಲ್ಲಿರುವುದು ಇದರಿಂದಲೇ. ಕಣ್ಣಿನಲ್ಲೂ ಕಪ್ಪು ಇಲ್ಲದ್ದರಿಂದ ಒಳಗಿನ ರಕ್ತನಾಳಗಳು ಕೆಂಪಾಗಿ ತೋರುತ್ತವೆ. ಕಿಂಗ್‌ಸ್ನೇಕ್‌ನ ಹತ್ತಿರದ ಬಂಧುವಾದ ಕಾರ್ನ್ ಸ್ನೇಕ್‌ನಲ್ಲಿ ಈ ದೋಷ ಯಾವ ವಂಶವಾಹಿಯದು ಎಂಬುದು 2015ರಲ್ಲಿ ಪತ್ತೆಯಾಯಿತು.

ಈ ಗುಣ ಸುಪ್ತವಾದದ್ದು. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದರೆ ಮಾತ್ರ ಹೊರಗೆ ಕಾಣುತ್ತದೆ. ನೋಡಲು ಮಾಮೂಲಿಯಾದ, ಒಳಗೆ ಗುಣವನ್ನು ಹೊತ್ತ ಎರಡು ಹಾವುಗಳನ್ನು ಕೂಡಿಸಿ, ಅವುಗಳ ಮೊಟ್ಟೆಗಳನ್ನು ತೇವದ ಹಾಸಿನಲ್ಲಿ ಸುಮಾರು ಎರಡು ತಿಂಗಳು ಹದವಾದ ಶಾಖದಲ್ಲಿ ಇಟ್ಟರೆ, ಒಂದು ದಿನ ಚಕ್ಕಳದಂಥ ಸಿಪ್ಪೆಯ ಮೇಲೆ ಸಣ್ಣ ಸೀಳು ಮೂಡುತ್ತದೆ. ಮೂತಿಯ ತುದಿಯ ಮೊಟ್ಟೆಹಲ್ಲಿನಿಂದ ಮರಿ ಅದನ್ನು ಕೊಯ್ದಿರುತ್ತದೆ. ಆದರೂ ಹೊರಬರುವ ಆತುರವಿಲ್ಲ. ಮೂತಿಯಷ್ಟನ್ನೇ ಹೊರಚಾಚಿ ಉಸಿರಾಡುತ್ತ, ಮೊಟ್ಟೆಯ ಉಳಿದ ಹಳದಿಭಾಗವನ್ನು ಹೀರಿಕೊಳ್ಳುತ್ತ ಒಂದು ದಿನವೋ ಹೆಚ್ಚೋ ಒಳಗೇ ಕೂರುತ್ತದೆ. ಕಪ್ಪು ಮೂತಿಗಳ ಸಾಲಿನಲ್ಲಿ ಒಂದು ಗುಲಾಬಿ ಮೂತಿ ಕಂಡರೆ ಸಾಕಣೆದಾರನ ವರ್ಷದ ಶ್ರಮ ಕೈಗೂಡಿತು.

ಹದಿನಾರರಲ್ಲಿ ಒಂದು

ಗುಣ ಹೊತ್ತ ಆ ಜೋಡಿಯ ಮರಿಗಳಲ್ಲಿ ಸರಾಸರಿ ನಾಲ್ಕಕ್ಕೊಂದು ಆಲ್ಬಿನೊ. ಉಳಿದ ಮೂರು ನೋಡಲು ಮಾಮೂಲಿ. ಅವುಗಳಲ್ಲಿ ಎರಡು ಗುಣವನ್ನು ಹೊತ್ತವು, ಒಂದರಲ್ಲಿ ಗುಣವೇ ಇಲ್ಲ. ಯಾವುದು ಯಾವುದೆಂದು ಕಣ್ಣಿನಿಂದ ಹೇಳಲಾಗದು. ಮೂರರಲ್ಲಿ ಎರಡು ಎಂಬ ಆ ಸಂಭವವನ್ನೇ ‘66 ಪರ್ಸೆಂಟ್ ಹೆಟ್’ (ಹೆಟ್ ಎಂದರೆ ಗುಣ ಹೊತ್ತದ್ದು) ಎಂದು ಬರೆದು ಮಾರುವುದು ಈ ವ್ಯಾಪಾರದ ರೂಢಿ. ಕೊಳ್ಳುವವನು ದುಡ್ಡು ಕೊಡುವುದು ಮಾರುವವನ ಮಾತಿಗೆ. ಎರಡು ಸುಪ್ತ ಗುಣಗಳು ಒಂದೇ ಮರಿಯಲ್ಲಿ ಕೂಡಬೇಕೆಂದರೆ ಸಂಭವ ಹದಿನಾರಕ್ಕೆ ಒಂದಕ್ಕೆ ಇಳಿಯುತ್ತದೆ, ಒಂಬತ್ತು ಮರಿಗಳು ಮಾಮೂಲಿಯಾಗಿಯೇ ಹುಟ್ಟುತ್ತವೆ. ಒಂದು ಸಲಕ್ಕೆ ಬರುವುದು ಸಾಮಾನ್ಯವಾಗಿ ಐದರಿಂದ ಹನ್ನೆರಡು ಮೊಟ್ಟೆ. ಬಯಸಿದ ಒಂದು ಮರಿಗಾಗಿ ಬಯಸದ ಎಷ್ಟು ಮರಿಗಳು ಹುಟ್ಟಬೇಕೆಂಬ ಈ ಲೆಕ್ಕವೇ ಇಡೀ ವಿಷಯದ ಬೇರು ಎಂದು ಈ ಲೇಖನ ಭಾವಿಸುತ್ತದೆ.

ಆಲ್ಬಿನೊ ಗುಣ ಹೇಗೆ ಹರಿದುಬರುತ್ತದೆಂದು ಕಾರ್ನ್ ಸ್ನೇಕ್‌ನಲ್ಲಿ ಸಾಕಣೆಯಿಂದಲೇ ಖಚಿತವಾದದ್ದು 1960ರ ದಶಕದ ಆರಂಭದಲ್ಲಿ. ಮುಂದಿನ ದಶಕಗಳಲ್ಲಿ ಅಮೆರಿಕ, ಯುರೋಪುಗಳಲ್ಲಿ ಹವ್ಯಾಸ ಉದ್ಯಮವಾಯಿತು. ಲ್ಯಾವೆಂಡರ್, ಬನಾನಾ, ಘೋಸ್ಟ್, ಹೈ ವೈಟ್ ಎಂಬ ಹೆಸರುಗಳು ಬಂದವು. ಇಂಥ ಬಣ್ಣದ ತಳಿಗಳಿಗೆಲ್ಲ ‘ಮಾರ್ಫ್’ ಎಂಬ ಒಟ್ಟು ಹೆಸರು ನಿಂತಿತು. ಹೊಸ ಮಾರ್ಫ್ ಬಂದಾಗ ಬೆಲೆ ಗಗನಕ್ಕೇರುತ್ತದೆ, ಎಲ್ಲರ ಬಳಿ ಆದ ಕೂಡಲೇ ಕುಸಿಯುತ್ತದೆ, ಮತ್ತೆ ಹೊಸದು ಬೇಕಾಗುತ್ತದೆ. ಹಾವಿನ ಆಯಸ್ಸಾದರೋ ಸಾಕಣೆಯಲ್ಲಿ ಇಪ್ಪತ್ತು ವರ್ಷ ದಾಟಬಲ್ಲದು. ಬೆಲೆ ಬಿದ್ದ ಮೇಲೂ ಅದು ಬದುಕಿರುತ್ತದೆ.

ದ್ವೀಪದಲ್ಲಿ ಆದದ್ದು

ಮೈಬಣ್ಣ ಕಳೆದುಕೊಂಡ ಹಾವು ಹೊರಗೆ ಹೋದರೆ ಹದ್ದಿನ ಪಾಲಾಗುತ್ತದೆ ಎಂಬ ಸಮಾಧಾನ ಸಾಕಣೆದಾರರ ವಲಯದಲ್ಲಿ ಚಾಲ್ತಿಯಲ್ಲಿತ್ತು. ಗ್ರಾನ್ ಕನೇರಿಯಾ ಅದನ್ನು ಸುಳ್ಳುಮಾಡಿತು. ತಪ್ಪಿಸಿಕೊಂಡ ಅಥವಾ ಬಿಟ್ಟ ಸಾಕು ಹಾವುಗಳು 1990ರ ದಶಕದ ಕೊನೆಗೆ ಅಲ್ಲಿ ಕಾಣಿಸಿಕೊಂಡವು, ಆಲ್ಬಿನೊಗಳೂ ಸೇರಿ ನೆಲೆಯೂರಿದವು. ಅಲ್ಲಿ ಹಾವು ಬೇಟೆಯಲ್ಲಿ ಪಳಗಿದ ಪ್ರಾಣಿಗಳು ಕಡಿಮೆ. ಕಿಂಗ್‌ಸ್ನೇಕ್ ಬಹುಪಾಲು ಸಮಯ ಮಣ್ಣಿನಡಿ, ಕಲ್ಲುಸಂದುಗಳಲ್ಲಿ ಕಳೆಯುವುದರಿಂದ ಮೈಬಣ್ಣ ಅದರ ಜೀವಕ್ಕೆ ಎರವಾಗಲಿಲ್ಲ. ಹಾವನ್ನೇ ಕಾಣದೆ ವಿಕಾಸಗೊಂಡ ಓತಿಗಳಿಗೆ ಹೊಸ ಶತ್ರುವಿನಿಂದ ಪಾರಾಗುವ ಬಗೆ ತಿಳಿಯದು.

2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಹಾವು ಹಬ್ಬಿದ ಜಾಗಗಳನ್ನು ಹಬ್ಬಿರದ ಜಾಗಗಳೊಂದಿಗೆ ಹೋಲಿಸಿತು. ಬಾಲ ಸೇರಿ ಎರಡೂವರೆ ಅಡಿಯವರೆಗೆ ಬೆಳೆಯುವ ಅಲ್ಲಿನ ದೈತ್ಯ ಓತಿ ಶೇ 90ಕ್ಕೂ ಹೆಚ್ಚು, ಹಾವುರಾಣಿ ಶೇ 80ಕ್ಕೂ ಹೆಚ್ಚು, ಗೋಡೆಹಲ್ಲಿಯ ಜಾತಿಯೊಂದು ಶೇ 50ಕ್ಕೂ ಹೆಚ್ಚು ಕಡಿಮೆಯಾಗಿದ್ದವು. ದೈತ್ಯ ಓತಿ ಗ್ರಾನ್ ಕನೇರಿಯಾಕ್ಕೇ ಮೀಸಲಾದ ಜೀವಿ. ಹಣ್ಣು ತಿಂದು ಬೀಜ ಹರಡುವ ಅದರ ಕೆಲಸವನ್ನು ಮಾಡಲು ಇನ್ನೊಂದು ಪ್ರಾಣಿ ಸುಲಭಕ್ಕೆ ಒದಗದು. ಸಾವಿರಾರು ಹಾವುಗಳನ್ನು ಹಿಡಿದರೂ ಹಬ್ಬುವಿಕೆ ನಿಂತಿಲ್ಲ. 2022ರಲ್ಲಿ ಯುರೋಪಿನ ಒಕ್ಕೂಟದ ದೇಶಗಳು ಈ ಹಾವೂ ಸೇರಿದ ಸಾಮಾನ್ಯ ಕಿಂಗ್‌ಸ್ನೇಕ್ ಅನ್ನು ನಿಷೇಧಿತ ಆಕ್ರಮಣಕಾರಿ ಜೀವಿಗಳ ಪಟ್ಟಿಗೆ ಸೇರಿಸಿದವು. ಅದಕ್ಕೂ ಮೊದಲು ಕೊಂಡವರು ತಮ್ಮ ಹಾವನ್ನು ಭದ್ರವಾಗಿ, ಮರಿ ಮಾಡಿಸದೆ, ಅದು ಸಾಯುವವರೆಗೆ ಇಟ್ಟುಕೊಳ್ಳಬಹುದು.

ಎರಡು ಕಡೆಯ ವಾದ

ಸಾಕಣೆದಾರರ ಮಾತಿನಲ್ಲಿ ಹುರುಳಿದೆ. ಮರಿಗಳು ಮನೆಯಲ್ಲೇ ಹುಟ್ಟುವುದರಿಂದ ಕಾಡಿನಿಂದ ಹಿಡಿದು ತರುವ ಒತ್ತಡ ತಗ್ಗಿತು. ಹಾವೆಂದರೆ ಹೊಡೆಯುವುದೊಂದೇ ಗೊತ್ತಿದ್ದ ಅನೇಕರಿಗೆ ಅದನ್ನು ಸಮೀಪದಿಂದ ಅರಿಯುವ ದಾರಿಯಾಯಿತು. ಬಾಲ್ ಪೈಥಾನ್ ಎಂಬ ಹೆಬ್ಬಾವಿನ ‘ಸ್ಪೈಡರ್’ ಮಾರ್ಫ್‌ನಲ್ಲಿ ಬಣ್ಣದ ಜತೆಗೇ ತಲೆ ತೂಗಾಡುವ ನರದೋಷ ಬರುತ್ತದೆ. ಕಿಂಗ್‌ಸ್ನೇಕ್‌ನ ಆಲ್ಬಿನೊ ಗುಣಕ್ಕೆ ಅಂಥ ಕಳಂಕವಿಲ್ಲ. ಆದರೆ ಸುಪ್ತ ಗುಣವನ್ನು ಬೇಗ ಹೊರತರಲು ಒಡಹುಟ್ಟುಗಳನ್ನೂ ತಾಯಿ ಮಗನನ್ನೂ ಕೂಡಿಸುವುದು ಇಲ್ಲಿ ಮಾಮೂಲು. ಬಣ್ಣಕ್ಕಾಗಿ ಕಾರ್ನ್ ಸ್ನೇಕ್ ಜತೆಗೂ ಬೆರೆಸಲಾಗಿದೆ. ಅಮೆರಿಕದ ಆಗ್ನೇಯ ಭಾಗದಲ್ಲಿ ಇವುಗಳ ಬಂಧುಗಳಾದ ಪೂರ್ವದ ಕಿಂಗ್‌ಸ್ನೇಕ್‌ಗಳು ಅನೇಕ ಕಡೆ ಕಡಿಮೆಯಾಗುತ್ತಿವೆ. ಅವುಗಳನ್ನು ಕಾಡಿಗೆ ಮರಳಿ ತುಂಬಲು ಬೆರಕೆ ವಂಶದ ಈ ಸಾಕು ಹಾವುಗಳು ಉಪಯೋಗಕ್ಕೆ ಬಾರವು. ಸಾಕಣೆಯೂ ಸಂರಕ್ಷಣೆಯೇ ಎಂಬ ವಾದ ಈ ಹಂತದಲ್ಲಿ ನಿಲ್ಲುವುದಿಲ್ಲ.

ಈ ಮಾತು ನಮಗೆ ದೂರದ್ದಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಸಾಮಾನಿನಲ್ಲಿ 72 ಹಾವುಗಳು ಸಿಕ್ಕವು. ಅವುಗಳಲ್ಲಿ 55 ಬಗೆಬಗೆ ಬಣ್ಣದ ಬಾಲ್ ಪೈಥಾನ್‌ಗಳು. ಬಣ್ಣದ ಹಾವಿಗೆ ಇಲ್ಲೂ ಗಿರಾಕಿಗಳಿದ್ದಾರೆ. ನಮ್ಮ ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿ ವಿದೇಶಿ ಪ್ರಾಣಿಗಳ ನೋಂದಣಿಯನ್ನು ಕಡ್ಡಾಯ ಮಾಡಿದ್ದು ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಪಟ್ಟಿಯಲ್ಲಿರುವ ಜೀವಿಗಳಿಗೆ. ಬಾಲ್ ಪೈಥಾನ್ ಆ ಪಟ್ಟಿಯಲ್ಲಿದೆ, ಕ್ಯಾಲಿಫೋರ್ನಿಯಾ ಕಿಂಗ್‌ಸ್ನೇಕ್ ಇಲ್ಲ. ವ್ಯಾಪಾರದಿಂದ ಜೀವಿ ಅಳಿವಿನತ್ತ ಸಾಗೀತೇ ಎಂಬುದು ಆ ಪಟ್ಟಿಯ ಮಾನದಂಡ. ಪರಸ್ಥಳದಲ್ಲಿ ಹಬ್ಬಬಲ್ಲದೇ ಎಂಬ ಪ್ರಶ್ನೆಯನ್ನು ಅದು ಕೇಳುವುದಿಲ್ಲ. ಬಣ್ಣದ ಮೇಲೆ ನಿಷೇಧ ಹೇರುವುದರಿಂದ ಆಗುವುದೇನಿಲ್ಲ. ಸಾಕುವ ಪ್ರತಿ ವಿದೇಶಿ ಹಾವಿಗೂ, ಮಾರಾಟವಾಗದೆ ಉಳಿದ ಮಾಮೂಲಿ ಮರಿಯೂ ಸೇರಿದಂತೆ, ಹುಟ್ಟು, ಕೈಬದಲು, ಸಾವುಗಳ ದಾಖಲೆ ಇರಬೇಕು; ಬೇಡವಾದ ಹಾವನ್ನು ಶಿಕ್ಷೆಯ ಭಯವಿಲ್ಲದೆ ಒಪ್ಪಿಸಲು ಒಂದು ಜಾಗ ಇರಬೇಕು. ಇವೆರಡನ್ನೂ ಹಾವುಗಳು ಬಯಲಿಗೆ ಬರುವ ಮೊದಲೇ ಮಾಡಿಕೊಳ್ಳುವ ಅವಕಾಶ ನಮಗೆ ಇನ್ನೂ ಇದೆ.